ಮರುಹನಿ

ಮಗುವಿನ ಬಟ್ಟೆಗಳನ್ನೆಲ್ಲ ಒಗೆಯುವ ಕಲ್ಲಿನ ಮೇಲೆ ಕುಕ್ಕಿ, ಜಾಲಿಸಿ, ಹಿಂಡಿ ಬಕೆಟ್ಟಿಗೆ ಹಾಕಿದ ಮೇಲೆ ಉಳಿದದ್ದು ಟವೆಲ್ಲುಗಳು. ಮೊದಲು ಮೊಮ್ಮಗಳದ್ದನ್ನು ಎತ್ತಿಕೊಂಡೆ. ಅದರಿಂದ ನೀರು ಸೋರುತ್ತಿತ್ತು. ಆಮೇಲೆ ನನ್ನ ಗಂಡನದ್ದನ್ನು ಗೂಟದಿಂದ ಎಳೆದೆ. ಅದು ಒಣಗಿತ್ತು. ಹಿಂದಿನ ದಿನ ನಾನು ಮಡಿಸಿಟ್ಟ ಮಡಿಕೆ ಕೂಡ ಬಿಚ್ಚಿರಲಿಲ್ಲ.

ಬಚ್ಚಲ ನೆಲ ಒದ್ದೆಯಾಗಿತ್ತು, ಸೋಪು ಒದ್ದೆಯಾಗಿತ್ತು, ಹಂಡೆಯ ನೀರು ಅರ್ಧಕ್ಕಿಳಿದಿತ್ತು. ಸ್ನಾನ ಆಗಿದೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಸ್ನಾನ ಮುಗಿಸಿದ ಮನುಷ್ಯ ಆಗಲೇ ಜಗಲಿಯಲ್ಲಿ ಕೂತು ಯಾರಿಗೋ ನ್ಯಾಯ ಹೇಳುತ್ತಿದ್ದರು. ದನಿ ಹಿತ್ತಿಲವರೆಗೂ ಕೇಳಿಸುತ್ತಿತ್ತು. ನಾನು ಟವೆಲ್ಲನ್ನು ಕೆನ್ನೆಗೆ ಒತ್ತಿ ನೋಡಿದೆ. ಬೇರೆ ಊರಿನ ಹೆಂಗಸಾಗಿದ್ದರೆ, ಮೈ ಒರೆಸಿಕೊಳ್ಳುವುದನ್ನು ಮರೆತಿರಬೇಕು ಎಂದುಕೊಂಡು ಮತ್ತೆ ಗೂಟಕ್ಕೆ ಹಾಕುತ್ತಿದ್ದಳು. ನಾನು ಅದನ್ನು ಹಿಡಿದುಕೊಂಡೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

ನಮ್ಮೂರಲ್ಲಿ ಜನ ಎರಡು ಬಗೆ. ಮೈಮೇಲೆ ಬಿದ್ದ ನೀರು ನಿಲ್ಲುವವರು, ಇಂಗುವವರು. ನಿಲ್ಲುವವರು ಎಲ್ಲ ಊರಿನ ಜನರಂತೆ ಒದ್ದೆಯಾಗುತ್ತಾರೆ, ಒರೆಸಿಕೊಳ್ಳುತ್ತಾರೆ. ಇಂಗುವವರ ಮೈ ನೀರನ್ನು ಹೀರಿಕೊಂಡು ಬಿಡುತ್ತದೆ. ಹೀರಿದ್ದು ಎಲ್ಲಿ ಹೋಗುತ್ತದೋ, ಮೈಯಂತೂ ಬಿರಿದ ನೆಲದಂತೆ ಒಣಗಿಯೇ ಇರುತ್ತದೆ. ಅಂಥ ಮೈ ಕಡಿಯುತ್ತದೆ. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತು ಕೆಂಪಾಗಿ, ಕೆರೆದು ಕೆರೆದು ರಸಿಕೆ ಒಸರುತ್ತದೆ. ಎಲ್ಲರಿಗೂ ಅಲ್ಲ. ಸಾಯುವವರೆಗೆ ಒಮ್ಮೆಯೂ ಕೆರೆದುಕೊಳ್ಳದ ಇಂಗುವವರಿದ್ದಾರೆ. ಮೂರು ಹೊತ್ತೂ ಕೆರೆದುಕೊಳ್ಳುವ ನಿಲ್ಲುವವರೂ ಇದ್ದಾರೆ. ಈ ಎರಡು ಸಂಗತಿಗಳಿಂದ ಊರಿಗೆ ಯಾವ ಅನುಕೂಲವೂ ಇಲ್ಲದ್ದರಿಂದ ಊರು ಇವನ್ನು ಮರೆತಿದೆ.

ಹಾಗಾಗಿ ನಮ್ಮಲ್ಲಿ ಒದ್ದೆಯಾಗುವುದು ಮರ್ಯಾದೆ. ಮಳೆ ಬಂದರೆ ಒಳ್ಳೆಯ ಮನೆತನದವರು ಕೊಡೆ ಬಿಟ್ಟು ಬೀದಿಗಿಳಿಯುತ್ತಾರೆ. ಮದುವೆ ವಯಸ್ಸಿನ ಹುಡುಗಿಯರನ್ನು ತಾಯಂದಿರು, ಹೋಗಿ ಒಂದು ಪಾವು ಬೇಳೆ ತಗೊಂಡು ಬಾ ಎಂದು ಗುಡುಗು ಸಿಡಿಲಲ್ಲೇ ಅಂಗಡಿಗೆ ಕಳಿಸುತ್ತಾರೆ. ತೊಯ್ದು ತೊಪ್ಪೆಯಾಗಿ, ಮುಖದಿಂದ ನೀರಿಳಿಸುತ್ತ ಬರುವ ಹುಡುಗಿಯನ್ನು ನೋಡಿ ಜಗಲಿಯ ಮೇಲಿನ ಗಂಡಸರು ತಲೆದೂಗುತ್ತಾರೆ. ನೆಗಡಿ, ಕೆಮ್ಮು ನಮ್ಮೂರಲ್ಲಿ ದೊಡ್ಡ ಮನೆಗಳ ಕಾಯಿಲೆ. ಮಳೆಯಲ್ಲಿ ಕೊಡೆ ಹಿಡಿಯುವವರನ್ನು ಮಾತ್ರ ಜನ ಎರಡು ಸಲ ನೋಡುತ್ತಾರೆ. ನನ್ನ ಗಂಡ ರುದ್ರಮೂರ್ತಿಯವರು ಕೊಡೆ ಹಿಡಿಯುತ್ತಿದ್ದರು. ಆದರೆ ಅವರನ್ನು ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ, ಏಕೆಂದರೆ ಎರಡು ಸಲ ನೋಡಬೇಕಾದವರು ಯಾರೆಂದು ತೀರ್ಮಾನಿಸುವ ಕಟ್ಟೆಯ ಹಿರಿಯರೇ ಅವರು. ಅವರಿಗೆ ಎದೆಯಲ್ಲಿ ಕಫ ಕಟ್ಟುತ್ತದೆ ಎಂದು ನಮ್ಮತ್ತೆ ಊರಿಗೆಲ್ಲ ಹೇಳಿಟ್ಟಿದ್ದರು.

ಮದುವೆಗೆ ಮೊದಲು ನಮ್ಮಲ್ಲಿ ಹನಿ ಶಾಸ್ತ್ರ ನಡೆಯುತ್ತದೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಬಲಗೈ ಚಾಚಿಸಿ, ಮೊಣಕೈ ಮಡಿಕೆಯಲ್ಲಿ ಒಂದು ಹನಿ ನೀರು ಇಡುತ್ತಾರೆ. ಹೆಂಗಸರು ಒಂದು ಹಾಡು ಹೇಳಿ ಮುಗಿಸುವ ತನಕ ಹನಿ ನಿಲ್ಲಬೇಕು. ನಿಂತರೆ ತಾಂಬೂಲ, ಇಂಗಿದರೆ ಗಂಡಿನ ಕಡೆಯವರು ಕಾಫಿಯನ್ನೂ ಕುಡಿಯದೆ ಏಳುತ್ತಾರೆ. ಹನಿ ಇಡುವುದು ನಮ್ಮ ಮನೆಯ ಸೊಸೆಯರ ಹಕ್ಕು. ಎಳೆಗೂಸಿಗೆ ಹಾಲು ಹುಯ್ಯುವ ಬೆಳ್ಳಿಯ ಒಳಲೆಯಲ್ಲೇ ಆ ಹನಿ ಇಡುವುದು. ಅದರ ಮೂತಿಯಿಂದ ಹನಿ ಅಳತೆಗೆ ಸರಿಯಾಗಿ ಬೀಳುತ್ತದೆ. ನಮ್ಮತ್ತೆ ಇಟ್ಟರು, ಅವರಾದ ಮೇಲೆ ನಾನು. ಎಷ್ಟೋ ಮೊಣಕೈಗಳ ಮೇಲೆ ಬಗ್ಗಿದ್ದೇನೆ. ಬಗ್ಗಿದಾಗೆಲ್ಲ ಹರಳೆಣ್ಣೆಯ ವಾಸನೆ. ನನ್ನ ಮದುವೆಯ ಹಿಂದಿನ ದಿನ ನಮ್ಮಮ್ಮ ಹಚ್ಚಿದ ಎಣ್ಣೆಗೆ ಹನಿಯಲ್ಲ, ಕೆರೆಯೇ ನಿಲ್ಲುತ್ತಿತ್ತು. ನಾನು ಮಳೆಯಲ್ಲಿ ಚೆನ್ನಾಗಿ ನೆನೆಯುವವಳೇ ಆದರೂ ಅವಳಿಗೆ ಧೈರ್ಯ ಸಾಲದು. ಊರಿನ ಎಲ್ಲ ಮದುವೆಗಳೂ ಹರಳೆಣ್ಣೆಯ ಮೇಲೆ ನಿಂತಿವೆ ಎಂದು ಹನಿ ಇಡುವವಳಿಗೆ ಗೊತ್ತು, ಇಡಿಸಿಕೊಳ್ಳುವವಳಿಗೆ ಗೊತ್ತು, ಹಾಡು ಹೇಳುವವರಿಗೂ ಗೊತ್ತು. ಕಟ್ಟೆಯ ಮೇಲೆ ಕೂತ ಗಂಡಸರಿಗೆ ಮಾತ್ರ ಗೊತ್ತಿಲ್ಲ. ಹಾಗೆಂದು ನಾವೆಲ್ಲ ತಿಳಿದಿದ್ದೆವು.

ಗಂಡಸರಿಗೆ ಹನಿ ಇಡುವುದಿಲ್ಲ. ಇದನ್ನು ಯಾರೂ ನಿಷೇಧಿಸಿಲ್ಲ. ಯಾರಿಗೂ ಹೊಳೆದಿಲ್ಲ, ಅಷ್ಟೆ.

ನನ್ನ ಮಗ ಉಮಾಪತಿ ಚಿಕ್ಕವನಿದ್ದಾಗ ವಿಪರೀತ ಕೆರೆದುಕೊಳ್ಳುತ್ತಿದ್ದ. ಅವನ ಕೈಗಳಿಗೆ ಹಳೆ ಕಾಲುಚೀಲ ಕಟ್ಟಿ ಮಲಗಿಸುತ್ತಿದ್ದೆ. ಶಾಲೆಗೆ ಸೇರುವ ಹೊತ್ತಿಗೆ ಅದು ತಾನಾಗಿ ಹೋಯಿತು. ಹೋಗುವ ತನಕ ಕಟ್ಟೆ ನನ್ನ ತವರಿನ ವಂಶವನ್ನು ಜಾಲಾಡಿತು. ನನ್ನ ಹನಿ ಮತ್ತೆ ಇಟ್ಟಾಗಲೂ ನಿಂತಿತ್ತಲ್ಲ, ಹಾಗಾದರೆ ದೋಷ ನನ್ನ ತಾಯಿಯದು. ತಾಯಿಯದೂ ನಿಂತಿತ್ತು ಎಂದು ಸಾಕ್ಷಿ ಬಂತು. ಹಾಗಾದರೆ ಅಜ್ಜಿಯದು. ಅಜ್ಜಿ ತೀರಿಕೊಂಡಿದ್ದಳು, ಎದ್ದು ಬಂದು ಕೈ ಚಾಚುವಂತಿರಲಿಲ್ಲ, ಆದ್ದರಿಂದ ತಪ್ಪು ಅವಳ ಮೇಲೆ ಸಲೀಸಾಗಿ ಕೂತಿತು. ಮೂರು ತಲೆಮಾರು ಹಿಂದಕ್ಕೆ ಹೋಗಿ ಹೆಂಗಸನ್ನು ಹುಡುಕುವ ಶ್ರಮ ಪಟ್ಟವರಿಗೆ ಪಕ್ಕದ ಮಣೆಯ ಮೇಲೆ ಕೂತ ಗಂಡಸು ಕಾಣಲಿಲ್ಲ.

ಈಗ ಉಮಾಪತಿಯ ಮಗಳು ಚಿನ್ನು. ಎಂಟು ತಿಂಗಳ ಕೂಸು. ಕೆನ್ನೆ ಎರಡೂ ಸುಟ್ಟ ಹಾಗೆ ಕೆಂಪು. ದಿಂಬಿಗೆ, ತಾಯಿಯ ಭುಜಕ್ಕೆ, ನನ್ನ ಸೀರೆಗೆ ಮುಖ ಉಜ್ಜಿಕೊಂಡು ಅಳುತ್ತಾಳೆ. ನನ್ನ ಸೊಸೆ ಪಾರಿಜಾತ ಅವಳನ್ನು ಯಾರಿಗೂ ಸ್ನಾನ ಮಾಡಿಸಲು ಬಿಡುವುದಿಲ್ಲ. ಬಾಗಿಲು ಹಾಕಿಕೊಂಡು ತಾನೇ ಮಾಡಿಸಿ, ಟವೆಲ್ಲನ್ನು ತಾನೇ ತಂದು ಬಕೆಟ್ಟಿಗೆ ಹಾಕುತ್ತಾಳೆ. ಒಂದು ಎಳೆಗೂಸನ್ನು ಒರೆಸಿದ ಟವೆಲ್ಲು ಅಲ್ಲಲ್ಲಿ ತೇವವಾಗಿರುತ್ತದೆ. ಪಾರಿಜಾತ ತಂದು ಹಾಕುತ್ತಿದ್ದುದು ಅಂಚಿನಿಂದ ಅಂಚಿಗೆ ಒಂದೇ ಸಮ ತೊಯ್ದಿರುತ್ತಿತ್ತು. ಒರೆಸಿದ್ದಲ್ಲ, ಅದ್ದಿದ್ದು. ನನಗೆ ಮೊದಲ ವಾರವೇ ಗೊತ್ತಾಯಿತು. ನಾನು ಏನೂ ಕೇಳಲಿಲ್ಲ, ಹಿಂಡಿ ಒಣಹಾಕಿದೆ.

ಆ ಬೆಳಗ್ಗೆ ಒಣ ಟವೆಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೆ ನೆನಪಾದದ್ದು ನಮ್ಮತ್ತೆ. ಬದುಕಿರುವ ತನಕ ಮಗನ ಟವೆಲ್ಲನ್ನು ನನ್ನ ಕೈಗೆ ಕೊಟ್ಟವರಲ್ಲ. ಸೊಂಟ ಬಗ್ಗಿ ಹೋಗಿ, ಅನ್ನದ ತಟ್ಟೆ ಎತ್ತಲಾರದ ಕಾಲದಲ್ಲೂ ಬಚ್ಚಲಿಗೆ ತೆವಳಿಕೊಂಡು ಹೋಗಿ ಅದೊಂದನ್ನು ಮಾತ್ರ ತಾವೇ ಒಗೆಯುತ್ತಿದ್ದರು. ತಾಯಿ ಪ್ರೀತಿ ಅಂದರೆ ಇದು ಎಂದು ನೆರೆಹೊರೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಆ ಟವೆಲ್ಲು ನನ್ನ ಪಾಲಿಗೆ ಬಂತು. ದಿನವೂ ಅಂಚಿನಿಂದ ಅಂಚಿಗೆ ಒಂದೇ ಸಮ ತೊಯ್ದಿರುತ್ತಿತ್ತು. ನಮ್ಮೆಜಮಾನರು ಎಷ್ಟು ಚೊಕ್ಕಟವಾಗಿ ಒರೆಸಿಕೊಳ್ಳುತ್ತಾರೆ ಎಂದು ನಾನು ಹೆಮ್ಮೆ ಪಟ್ಟದ್ದುಂಟು. ಇವತ್ತು ನ್ಯಾಯ ಹೇಳುವ ಅವಸರದಲ್ಲಿ ಅದ್ದುವುದನ್ನು ಮರೆತಿರಬೇಕು. ತಲೆಯ ಮೇಲೆ ನಾಲ್ಕು ಕೂದಲಿದ್ದಿದ್ದರೆ ಅವಾದರೂ ಒದ್ದೆಯಾಗಿ ಸತ್ಯ ಹೇಳುತ್ತಿದ್ದವೋ ಏನೋ. ಅವೂ ಮೂವತ್ತಕ್ಕೇ ಉದುರಿಹೋಗಿದ್ದವು.

ಈ ಹೊತ್ತಿಗೆ ಪಕ್ಕದ ಮನೆಯ ಮಾಲಮ್ಮನ ತಲೆ ಗೋಡೆಯ ಮೇಲೆ ಮೂಡಿತು. ಅವಳು ನಮ್ಮ ಹಿತ್ತಿಲನ್ನು ನೋಡಲೆಂದೇ ಅಲ್ಲೊಂದು ರುಬ್ಬುವ ಕಲ್ಲು ಹಾಕಿಸಿಕೊಂಡಿದ್ದಾಳೆ. ಹತ್ತಿ ನಿಲ್ಲುವುದಕ್ಕೆ.

"ಏನ್ ವನಜಾಕ್ಷಮ್ಮ, ಟವಲ್ ಹಿಡ್ಕೊಂಡು ಧ್ಯಾನಕ್ಕೆ ಕೂತಿದ್ದೀರಲ್ಲ? ಶುಕ್ರವಾರಕ್ಕೆ ಗಟ್ಟಿ ಆಯ್ತಂತೆ ಮರುಹನಿ?"

"ಆಯ್ತಂತೆ."

"ಪಾಪ, ನಿಮ್ಮ ಸೊಸೆ ಒಳ್ಳೆ ಹುಡುಗಿನೇ ಬಿಡಿ. ಆದ್ರೆ ಒಳ್ಳೇತನ ಬೇರೆ, ಮೈ ಬೇರೆ. ನಾನು ಮದುವೆ ದಿನಾನೇ ಅಂದ್ಕೊಂಡೆ, ಈ ಹುಡುಗಿ ಉದ್ದ ತೋಳಿನ ರವಿಕೆ ಯಾಕೆ ಹಾಕಿದಾಳೆ ಅಂತ."

"ಆವತ್ತು ನೀವೂ ಉದ್ದ ತೋಳಿಂದೇ ಹಾಕಿದ್ರಿ ಮಾಲಮ್ಮ."

"ನಂದು ಫ್ಯಾಶನ್ನು ಕಣ್ರೀ," ಎಂದು ತಲೆ ಇಳಿಯಿತು.

ಮರುಹನಿ ಎಂದರೆ ಎರಡನೆಯ ಸಲ ಹನಿ ಇಡುವುದು. ಕೂಸು ಕೆರೆದುಕೊಳ್ಳತೊಡಗಿದರೆ ತಾಯಿಯನ್ನು ಮತ್ತೆ ಮಣೆಯ ಮೇಲೆ ಕೂರಿಸುತ್ತಾರೆ, ಈ ಸಲ ಇಡೀ ಊರಿನ ಎದುರು. ಮೊದಲು ಕಡಲೆಹಿಟ್ಟು ಹಚ್ಚಿ ಮೊಣಕೈ ತಿಕ್ಕಿ ತೊಳೆಯುತ್ತಾರೆ. ಹನಿ ಇಂಗಿದರೆ ಅವಳು ಕೂಸನ್ನು ಎತ್ತಿಕೊಂಡು ಅದೇ ಮಣೆಯಿಂದ ತವರಿಗೆ ನಡೆಯಬೇಕು. ಗಂಡ ಬೇರೆ ಹೆಣ್ಣು ನೋಡಬಹುದು. ಪಾರಿಜಾತಳ ತವರಿನಲ್ಲಿ ಇರುವುದು ಒಬ್ಬ ಅಣ್ಣ, ಅವನ ಹೆಂಡತಿ, ಒಂದು ಕೋಣೆ. ಅಲ್ಲಿ ಕೂಸಿನ ಕೆನ್ನೆಗೆ ಬೆಣ್ಣೆ ಹಚ್ಚುವವರು ಯಾರು?

ಪಾರಿಜಾತ ಚಿನ್ನುವನ್ನು ಊರಿಗೆ ಹೊಸದಾಗಿ ಬಂದ ಡಾಕ್ಟರಮ್ಮನಿಗೂ ತೋರಿಸಿದ್ದಳು. ಜೊತೆಗೆ ನಾನೂ ಹೋಗಿದ್ದೆ, ನನ್ನ ಗಂಡನೂ ಬಂದಿದ್ದರು, ಏಕೆಂದರೆ ಡಾಕ್ಟರ ಮಾತು ಕೇಳಿ ಅರ್ಥ ಹೇಳಲು ಗಂಡಸೊಬ್ಬರು ಬೇಕಲ್ಲ. ಡಾಕ್ಟರಮ್ಮ ಮಗುವಿನ ಕೈಕಾಲು ಮಡಿಸಿ ಬಿಡಿಸಿ ನೋಡಿ, ಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ ಕೂಡಲೇ ಮುಲಾಮು ದಪ್ಪಗೆ ಹಚ್ಚಿ, ಉಣ್ಣೆ ಬಟ್ಟೆ ಹಾಕಬೇಡಿ, ಹೆದರಬೇಡಿ, ದೊಡ್ಡವಳಾಗ್ತಾ ಎಷ್ಟೋ ಮಕ್ಕಳಿಗೆ ಕಮ್ಮಿಯಾಗತ್ತೆ ಎಂದಳು. "ಇದು ವಂಶದಲ್ಲಿ ಬರೋದು. ತಾಯಿ ಕಡೆಯಿಂದ ಬರಬಹುದು, ತಂದೆ ಕಡೆಯಿಂದ ಬರಬಹುದು. ಎರಡೂ ಕಡೆಯಿಂದ ಬಂದ್ರೆ ಸ್ವಲ್ಪ ಜೋರಾಗಿರತ್ತೆ. ಬಂದ್ರೂ ಕೆಲವರಿಗೆ ಏನೂ ಆಗಲ್ಲ. ಒಬ್ಬರ ತಪ್ಪು ಅಂತೇನಿಲ್ಲ."

"ತಂದೆ ಕಡೆಯಿಂದ ಅಂದ್ರೆ?" ನನ್ನ ಗಂಡ ನಕ್ಕರು. "ತಂದೆ ಕೊಡೋದು ಹೆಸರು, ಆಸ್ತಿ. ಚರ್ಮ ಎಲ್ಲಾ ಹೆಂಗಸರ ವಿಭಾಗ."

"ಹಾಗಲ್ಲ ಸರ್, ಅರ್ಧ ನಿಮ್ಮ ಮಗಂದೇ ಅಲ್ವಾ?"

"ನೀವು ಹೊರಗಿನವರು, ಡಾಕ್ಟರೇ. ಇಲ್ಲಿನ ನೀರು ನಿಮಗೆ ಗೊತ್ತಿಲ್ಲ," ಎಂದು ಎದ್ದರು. ಹೊರಗೆ ಬಂದು ಊರಿಗೆ ಅರ್ಥ ಹೇಳಿದರು: ವಂಶದಲ್ಲಿ ಬರುವುದಂತೆ, ಡಾಕ್ಟರೇ ಒಪ್ಪಿಕೊಂಡಳು. ಸಂಜೆಯ ಹೊತ್ತಿಗೆ ಮರುಹನಿ ನಿಶ್ಚಯವಾಯಿತು. ಉಮಾಪತಿಯನ್ನು ಕೇಳಿದೆ, ನೀನೇನು ಹೇಳ್ತೀಯಪ್ಪ ಎಂದು. "ಅಮ್ಮಾ, ಒಂದು ಹನಿ ತಾನೆ? ಅಪ್ಪ ಹೇಳಿದ ಮೇಲೆ ನಾನೇನು ಹೇಳಲಿ," ಎಂದು ಉಣ್ಣುತ್ತಿದ್ದವನು ಸಾರಿನ ಸೌಟಿಗೆ ಕೈ ಚಾಚಿದ. ನಾನು ಕಾಲುಚೀಲ ಕಟ್ಟಿ ಮಲಗಿಸುತ್ತಿದ್ದ ಅದೇ ಕೈ.

ಟವೆಲ್ಲು ಒಣಗಿದ್ದ ಆ ಮಧ್ಯಾಹ್ನ ಊಟವಾದ ಮೇಲೆ ನನ್ನ ಗಂಡ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಬರಿಮೈಯಲ್ಲಿ ಮಲಗಿದ್ದರು. ಬಾಯಿ ತುಸು ತೆರೆದಿತ್ತು, ಬಲಗೈ ಹೊರಗೆ ಚಾಚಿಕೊಂಡಿತ್ತು, ಥೇಟು ಮಣೆಯ ಮೇಲೆ ಕೂತ ಮದುವಣಗಿತ್ತಿಯ ಹಾಗೆ. ನಾನು ಚಿನ್ನುವಿಗೆ ಒಳಲೆಯಲ್ಲಿ ನೀರು ಕುಡಿಸಿ ಬರುತ್ತಿದ್ದೆ. ತಳದಲ್ಲಿ ಸ್ವಲ್ಪ ಉಳಿದಿತ್ತು. ನಿಂತೆ. ಮಂಡಿಯೂರಿ ಕೂತು, ಒಳಲೆಯ ಮೂತಿ ಬಗ್ಗಿಸಿ, ಮೊಣಕೈ ಮಡಿಕೆಯಲ್ಲಿ ಒಂದು ಹನಿ ಇಟ್ಟೆ.

ಹನಿ ನಿಂತಿತು. ದುಂಡಗೆ, ಮುತ್ತಿನ ಹಾಗೆ.

ನನಗೆ ನಾಚಿಕೆಯಾಯಿತು. ಒಣ ಟವೆಲ್ಲು ನೋಡಿ ಗಂಡನ ವಂಶವನ್ನೇ ಅನುಮಾನಿಸಿದೆನಲ್ಲ ಎಂದು ಏಳಹೊರಟೆ. ಆಗ ಮೂಗಿಗೆ ವಾಸನೆ ಬಂತು. ಇಷ್ಟು ವರ್ಷ ಬಗ್ಗಿ ಬಗ್ಗಿ ಪರಿಚಯವಾದ ವಾಸನೆ. ಹರಳೆಣ್ಣೆ.

ಎರಡನೆಯ ಹನಿಯನ್ನು ಭುಜದ ಮೇಲಿಟ್ಟೆ. ಅದು ಒಂದು ಕ್ಷಣ ಹೊಳೆದು, ಮರಳಿಗೆ ಬಿದ್ದ ಹಾಗೆ ಇಲ್ಲವಾಯಿತು. ಎದೆಯ ಮೇಲೆ ಇಟ್ಟೆ, ಇಲ್ಲವಾಯಿತು. ಹೊಟ್ಟೆಯ ಮೇಲೆ, ಕತ್ತಿನ ಬುಡದಲ್ಲಿ, ಇಲ್ಲ, ಇಲ್ಲ. ಊರು ನೋಡುವ ಜಾಗಕ್ಕೆ ಅಂಗೈಯಗಲ ಎಣ್ಣೆ, ಉಳಿದದ್ದೆಲ್ಲ ಮರಳು. ಗಂಡಸರ ಮೊಣಕೈಯನ್ನು ಯಾರೂ ನೋಡುವುದಿಲ್ಲವಾದರೂ ಹಚ್ಚಿಕೊಂಡಿದ್ದರು ನೋಡಿ. ಅವರ ಹೆದರಿಕೆ ನನಗಿಂತ ಹಳೆಯದು. ತಾಯಿ ಹಚ್ಚಿ ಅಭ್ಯಾಸ ಮಾಡಿಸಿದ್ದಿರಬೇಕು.

ಅವರು ಹೊರಳಿ ಹೊಟ್ಟೆಯನ್ನು ಪರಪರ ಕೆರೆದುಕೊಂಡು, ಕಣ್ಣು ತೆರೆಯದೆಯೇ, "ಏನೇ ಅದು?" ಎಂದರು.

"ನೊಣ, ರೀ. ಮಲಗಿ," ಎಂದೆ.

ಅಡಿಗೆಮನೆಗೆ ಬಂದು ನೀರು ಕುಡಿದೆ. ನಗು ಬರುತ್ತದೆಯೋ ಅಳು ಬರುತ್ತದೆಯೋ ಎಂದು ಸ್ವಲ್ಪ ಹೊತ್ತು ಕಾದೆ. ಎರಡೂ ಬರಲಿಲ್ಲ. ನನ್ನ ಅಜ್ಜಿಯ ಮುಖ ಮಾತ್ರ ನೆನಪಾಯಿತು. ದೊಡ್ಡ ಮೂಗು, ಎಲೆ ಅಡಿಕೆಯ ತುಟಿ, ಯಾರ ತಂಟೆಗೂ ಹೋದವಳಲ್ಲ. ಸತ್ತ ಮೇಲೆ ಇಷ್ಟು ವರ್ಷ ಅವಳು ನನ್ನ ಗಂಡನ ಚರ್ಮವನ್ನು ಹೊತ್ತುಕೊಂಡಿದ್ದಳು.

ಬುಧವಾರ ನನ್ನ ಗಂಡ ಕಟ್ಟೆಯಿಂದ ಬಂದವರೇ ಹೊಸ ಕಟ್ಟಳೆ ಹೇಳಿದರು. ಈಚೆಗೆ ಹೆಂಗಸರು ಎಣ್ಣೆ ಹಚ್ಚಿ ಶಾಸ್ತ್ರ ಕೆಡಿಸುತ್ತಿದ್ದಾರೆ ಎಂದು ಗುಮಾನಿಯಂತೆ. ಕಡಲೆಹಿಟ್ಟಿಗೂ ಜಗ್ಗದ ಎಣ್ಣೆಗಳಿವೆಯಂತೆ. ಆದ್ದರಿಂದ ಮರುಹನಿಯ ಹಿಂದಿನ ದಿನವೇ ಆ ಮನೆಯ ಎಣ್ಣೆಯನ್ನೆಲ್ಲ ನೆರೆಮನೆಗೆ ಸಾಗಿಸಬೇಕು. "ನಮ್ಮ ಮನೆಯಿಂದಲೇ ಶುರುವಾಗ್ಲಿ. ನಾಳೆ ನಾಲ್ಕು ಜನ ಬೆರಳು ತೋರಿಸಬಾರದು," ಎಂದು ಶಲ್ಯ ಕೊಡವಿಕೊಂಡರು.

"ಎಲ್ಲಾ ಎಣ್ಣೆನೂನಾ?"

"ಒಂದು ತೊಟ್ಟೂ ಇರಕೂಡದು."

ಗುರುವಾರ ನಾನು ಅಡಿಗೆಯ ಕಡಲೆಕಾಯಿ ಎಣ್ಣೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ದೀಪದ ಎಳ್ಳೆಣ್ಣೆ, ತುಪ್ಪ, ಬೆಣ್ಣೆ ಎಲ್ಲವನ್ನೂ ಬುಟ್ಟಿಗೆ ಜೋಡಿಸಿದೆ. ಬಚ್ಚಲ ಒಲೆಯ ಹಿಂದಿನ ಗೂಡಿನಲ್ಲಿ ಕೈಯಾಡಿಸಿದಾಗ ಕರಿ ಹಿಡಿದ ಒಂದು ಶೀಷೆ ಸಿಕ್ಕಿತು. ಅದನ್ನೂ ಇಟ್ಟೆ. ಮಾಲಮ್ಮ ಗೋಡೆಯ ಮೇಲಿಂದ ಬುಟ್ಟಿ ತೆಗೆದುಕೊಂಡು, "ಅಯ್ಯೋ, ಇಷ್ಟೊಂದು ಹರಳೆಣ್ಣೆನೂ ಇಟ್ಕೊಂಡಿದ್ರಾ?" ಎಂದು ಕಣ್ಣರಳಿಸಿದಳು. "ಮನೇಲಿ ಹೊಟ್ಟೆ ಕಟ್ಟಿದವರಿದ್ದಾರೆ," ಎಂದೆ. ಮಗುವಿನ ಮುಲಾಮಿನ ಡಬ್ಬಿಯನ್ನು ಮಾತ್ರ ಕೊಡಲಿಲ್ಲ. ಅದು ಔಷಧಿ, ಎಣ್ಣೆಯಲ್ಲ ಎಂದು ನಾನೇ ತೀರ್ಮಾನ ಕೊಟ್ಟುಕೊಂಡೆ.

ಸಂಜೆ ನನ್ನ ಗಂಡ ಎರಡು ಸಲ ಬಚ್ಚಲಿಗೆ ಹೋಗಿ ಬಂದರು. ಮೂರನೆಯ ಸಲ ಹೋಗಿ ಬಂದವರು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಎಲ್ಲಾ ಕಳಿಸಿದ್ಯಾ?"

"ಎಲ್ಲಾ ಕಳಿಸಿದೆ. ನೀವೇ ಹೇಳಿದ್ರಲ್ಲ, ಒಂದು ತೊಟ್ಟೂ ಇರಕೂಡದು ಅಂತ."

"ಬಚ್ಚಲ ಕಡೆ..."

"ಬಚ್ಚಲ ಕಡೇದೂ ನೋಡ್ದೆ. ಏನಾದ್ರೂ ಬೇಕಿತ್ತಾ?"

ಅವರು ನನ್ನನ್ನು ನೋಡಿದರು. ನಾನು ಹುರಿಯುತ್ತಿದ್ದ ರವೆಯನ್ನು ನೋಡಿದೆ. ಎಣ್ಣೆಯಿಲ್ಲದೆ ಹುರಿಯುವಾಗ ಕಣ್ಣು ಅತ್ತಿತ್ತ ಹೋಗಕೂಡದು. "ಏನಿಲ್ಲ, ಮಂಡಿ ನೋವಿತ್ತು, ಸ್ವಲ್ಪ ತಿಕ್ಕೊಳ್ಳೋಣ ಅಂತ," ಎಂದು ಗೊಣಗಿ ಹೋದರು. ಆಮೇಲೆ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಮೇಲೂ ಕೆಳಗೂ ಉಜ್ಜಿಕೊಳ್ಳುತ್ತಿದ್ದದ್ದು ಕಂಡಿತು. ನನ್ನನ್ನು ಕಂಡಕೂಡಲೇ ಕಂಬವನ್ನು ಪರೀಕ್ಷಿಸುವವರ ಹಾಗೆ ತಟ್ಟಿದರು. "ಗೆದ್ದಲು ಹಿಡಿದಿರೋ ಹಂಗಿದೆ," ಎಂದರು.

"ಒಳಗಿಂದ ಹಿಡಿದಿದ್ರೆ ಗೊತ್ತಾಗಲ್ಲ, ರೀ," ಎಂದೆ.

ಪಾರಿಜಾತ ಊಟ ಮಾಡಲಿಲ್ಲ. ಚಿನ್ನುವಿಗೆ ಮುಲಾಮು ಹಚ್ಚುತ್ತ ಗೋಡೆಗೊರಗಿದ್ದಳು. ಕೂಸು ಹಾಯಾಗಿ ಕಾಲು ಬಡಿಯುತ್ತಿತ್ತು. ಅವಳ ಪಕ್ಕದಲ್ಲಿ ಒಂದು ಚೀಲ ಇತ್ತು. ಮಗುವಿನ ಬಟ್ಟೆಗಳನ್ನು ಆಗಲೇ ತುಂಬಿಟ್ಟಿದ್ದಳು.

"ಇದೇನು ಪಾರಿ, ತೀರ್ಪು ಬರೋ ಮೊದ್ಲೇ ಗಂಟು ಕಟ್ಟಿದೀಯ?"

"ಆಮೇಲೆ ಒಳಗೆ ಬಿಡಲ್ವಂತೆ ಅತ್ತೆ. ಮಾಲಮ್ಮನವರು ಹೇಳಿದ್ರು." ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಕೇಳಿದಳು. "ನಿಮಗೆ ಗೊತ್ತಲ್ವಾ, ಟವಲ್ದು?"

"ಗೊತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಯಾರಿಗೂ?"

"ಒದ್ದೆ ಟವಲ್ಲು ಒಗೆಯೋದು ಸುಲಭ, ಅದಕ್ಕೆ."

ಅವಳು ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. "ನಂದು ನಿಲ್ಲತ್ತೋ ಇಂಗತ್ತೋ ನಂಗೇ ಗೊತ್ತಿಲ್ಲ ಅತ್ತೆ. ಎಣ್ಣೆ ಇಲ್ದೆ ಯಾವತ್ತೂ ನೋಡ್ಕೊಂಡೇ ಇಲ್ಲ. ನಾನು ಎರಡು ವರ್ಷದವಳಿದ್ದಾಗಿಂದ ನಮ್ಮಮ್ಮ ಹಚ್ತಾ ಇದ್ಲು. ಈಗ ನೀವು ನೋಡಿಬಿಡಿ. ಇಂಗೋದೇ ಆದ್ರೆ ರಾತ್ರಿನೇ ಹೊರಟುಬಿಡ್ತೀನಿ. ಅಷ್ಟು ಜನರ ಎದುರು ನಂಗಾಗಲ್ಲ." ತೋಳು ಮೇಲೇರಿಸಿ ಕೈ ಚಾಚಿದಳು. ಮೊಣಕೈ ಮಡಿಕೆ ಬೆಳ್ಳಗೆ, ನುಣುಪಾಗಿತ್ತು. ಎಳೆಯ ನೀಲಿ ನರವೊಂದು ಅಲ್ಲಿ ಹರಿದು ಹೋಗಿತ್ತು.

ಒಳಲೆ ಪಕ್ಕದಲ್ಲೇ ಇತ್ತು. ಎತ್ತಿಕೊಂಡೆ. ನೋಡಿದರೆ ನನಗೆ ಒಂದು ಸಂಗತಿ ಗೊತ್ತಾಗುತ್ತಿತ್ತು, ಗೊತ್ತಾಗಿ ಮಾಡುವುದೇನು? ಅವಳದು ನಿಂತರೆ ಅವಳ ತಾಯಿಯನ್ನು, ತಾಯಿಯದು ನಿಂತಿತ್ತು ಎಂದು ಸಾಕ್ಷಿ ಬಂದರೆ ಅವಳ ಅಜ್ಜಿಯನ್ನು ಹುಡುಕಿಕೊಂಡು ಸ್ಮಶಾನಕ್ಕೆ ಹೋಗುತ್ತಾರೆ. ಇಂಗಿದರೆ ಹುಡುಕುವ ಶ್ರಮವೂ ಇಲ್ಲ. ಎರಡರಲ್ಲಿ ಯಾವುದಾದರೂ ಚಿನ್ನುವಿನ ಕೆನ್ನೆ ಒಂದೇ ಸಮ ಕಡಿಯುತ್ತದೆ. ನಾನು ಒಳಲೆಯ ನೀರನ್ನು ಮಗುವಿನ ಬಾಯಿಗೆ ಬಿಟ್ಟೆ. ಅದು ಚಪ್ಪರಿಸಿತು.

"ತೋಳು ಇಳಿಸ್ಕೊ. ಚಳಿ ಇದೆ," ಎಂದೆ. "ಆ ಚೀಲ ಬಿಚ್ಚಿ ಬಟ್ಟೆ ಒಳಗಿಡು. ಬೆಳಗ್ಗೆ ಮಗೂಗೆ ಬೇಕಾಗತ್ತೆ."

"ಅತ್ತೆ, ನೀವು..."

"ಇಡು ಅಂದೆನಲ್ಲ."

ಶುಕ್ರವಾರ ಬೆಳಗ್ಗೆಯೇ ಜನ ಸೇರಿದರು. ಮುಂದಿನ ಸಾಲಿನಲ್ಲಿ ಮಾಲಮ್ಮ, ಉದ್ದ ತೋಳಿನ ರವಿಕೆಯಲ್ಲಿ. ಕಟ್ಟೆಯ ಹಿರಿಯರು ಜಗಲಿಯ ಕೆಳಗಿನ ಚಾಪೆಯ ಮೇಲೆ, ನೆಗಡಿಯ ಕೆಮ್ಮು ಕೆಮ್ಮುತ್ತ ತಮ್ಮ ಮನೆತನ ಸಾರುತ್ತಿದ್ದರು. ಜಗಲಿಯ ನಡುವೆ ಮಣೆಯ ಮೇಲೆ ನನ್ನ ಗಂಡ. ಮರುಹನಿಗೆ ಅಧ್ಯಕ್ಷರಾಗಿ ಕೂರುವವರು ಅಂಗಿ ತೊಡುವಂತಿಲ್ಲ. ಶಲ್ಯವನ್ನು ಸೊಂಟಕ್ಕೆ ಬಿಗಿದು ಬರಿಮೈಯಲ್ಲಿ ಕೂರಬೇಕು. ಇದು ಅವರ ತಾತನ ಕಾಲದಲ್ಲಿ ಆದ ಕಟ್ಟಳೆ, ಬಹುಶಃ ಬೇಸಿಗೆಯಲ್ಲಿ. ಎಣ್ಣೆ ಕಾಣದ ಅವರ ಮೊಣಕೈಗಳು ಒಂದೇ ರಾತ್ರಿಗೆ ಬೂದಿ ಬಳಿದ ಹಾಗಾಗಿದ್ದವು. ಅವುಗಳನ್ನು ತೊಡೆಗೆ ಒತ್ತಿಟ್ಟುಕೊಂಡು, ಕತ್ತನ್ನು ಮೆಲ್ಲಗೆ ಅತ್ತಿತ್ತ ಹೊರಳಿಸುತ್ತ ಗಂಭೀರವಾಗಿ ಕೂತಿದ್ದರು. ಎದುರಿನ ಮಣೆ ಖಾಲಿಯಿತ್ತು.

ಹನಿ ಇಡುವವಳು ಹಿತ್ತಿಲ ಬಾವಿಯಿಂದ ತಾಮ್ರದ ಬಿಂದಿಗೆಯಲ್ಲಿ ಹೊಸ ನೀರು ಸೇದಿ ತರಬೇಕು. ಜಗಲಿ ಹತ್ತಿ, ಅಧ್ಯಕ್ಷರ ಎದುರು ಬಿಂದಿಗೆ ಬಗ್ಗಿಸಿ, ಅವರು ನೀರು ಮುಟ್ಟಿ ಒಪ್ಪಿಗೆ ಕೊಟ್ಟ ಮೇಲೆ ಒಳಲೆ ತುಂಬಿಕೊಳ್ಳಬೇಕು. ನಮ್ಮತ್ತೆ ಬಿಂದಿಗೆಯ ತಳದಲ್ಲಿ ಒಂದು ಚೊಂಬಿನಷ್ಟು ತರುತ್ತಿದ್ದರು. ನಾನೂ ಅಷ್ಟೇ ತರುತ್ತಿದ್ದೆ. ಸಾಲುತ್ತದೆ, ಬೇಕಾದದ್ದು ಒಂದೇ ಹನಿ.

ನಾನು ಬಾವಿಕಟ್ಟೆಯ ಮೇಲೆ ನಿಂತು ಒಂದು ಕೊಡ ಸೇದಿ ಬಿಂದಿಗೆಗೆ ಹುಯ್ದೆ. ಇನ್ನೊಂದು ಸೇದಿದೆ. ಪಾರಿಜಾತ ಕೂಸನ್ನು ಸೊಂಟಕ್ಕಿಟ್ಟುಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಚಿನ್ನು ಎರಡೂ ಕೈ ಚಾಚಿ ನನ್ನ ಬಿಂದಿಗೆಯ ಹೊಳಪಿಗೆ ಹಾತೊರೆಯುತ್ತಿದ್ದಳು. ಹೊರಗಿನಿಂದ ಅವರ ದನಿ ಬಂತು. "ಎಷ್ಟೊತ್ತೇ? ಜನ ಕಾಯ್ತಿದಾರೆ!"

"ಬಂದೆ, ರೀ," ಎಂದು ಕೂಗಿ, ಮೂರನೆಯ ಕೊಡ ಹುಯ್ದೆ. ನೀರು ಬಿಂದಿಗೆಯ ಕತ್ತಿಗೆ ಬಂದು ತುಳುಕಿತು.

"ಅತ್ತೆ," ಪಾರಿಜಾತ ಪಿಸುಗುಟ್ಟಿದಳು, "ಒಂದು ಹನಿಗೆ ಇಷ್ಟು ನೀರಾ?"

"ಇರಲಿ ಬಿಡು," ಎಂದೆ. "ದಾರಿಗಡ್ಡ ನಿಲ್ಬೇಡ, ಕಾಲು ಒದ್ದೆಯಾದೀತು."

ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡೆ. ಭಾರವಾಗಿತ್ತು, ಹಿತವಾದ ಭಾರ. ನಮ್ಮ ಬಾಗಿಲಿನಿಂದ ಜಗಲಿಗೆ ಹತ್ತುವ ಕಲ್ಲಿನ ಮೆಟ್ಟಿಲು ನಾಲ್ಕು ತಲೆಮಾರಿನ ಸೊಸೆಯರು ಉಜ್ಜಿ ಉಜ್ಜಿ ಕನ್ನಡಿಯಂತಾಗಿದೆ. ಅದರಿಂದ ನನ್ನ ಗಂಡ ಕೂತ ಮಣೆಗೆ ಒಂದು ಮಾರು ದೂರವೂ ಇಲ್ಲ. ವಯಸ್ಸಾಗುತ್ತಿರುವ ಹೆಂಗಸು, ತುಂಬಿದ ಬಿಂದಿಗೆ, ನುಣುಪು ಕಲ್ಲು. ಯಾರೂ ನನ್ನನ್ನು ಬೈಯಲಾರರು. ಎಡಗಾಲನ್ನು ಜಾರಿಸುವುದೋ ಬಲಗಾಲನ್ನೋ ಎಂದು ನಡುಮನೆ ದಾಟುವಷ್ಟರಲ್ಲಿ ಯೋಚಿಸಿ ಮುಗಿಸಿದೆ. ಬಾಗಿಲ ಪಕ್ಕದ ಗೂಟದಲ್ಲಿ ಅವರ ಟವೆಲ್ಲು ನೇತಾಡುತ್ತಿತ್ತು. ಅದನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದೆ.